ದಿಂಬುಗಲ್ಲು

ಮರಡಿಹಳ್ಳಿಯ ಕಲ್ಲುಗುಡ್ಡಕ್ಕೆ ಕಾವಲು ಪಾಲಯ್ಯ,
ಪಾಲಯ್ಯನಿಗೆ ಕಾವಲು ಒಂದು ತುಕ್ಕು ಬೋರ್ಡು:
ಇಲ್ಲಿ ಸುತ್ತಿಗೆ ಬಳಸಬಾರದು.

ಸಂಜೆ ಆರೂವರೆಗೆ ಹೋದೆವು.
ನೂರ್‌ಜಬೀನ್ ತೋಳಲ್ಲಿ ಆರಿಂಚಿನ ಕನ್ನಡಿ,
ಹಳೇ ದುಪಟ್ಟಾ ಸುತ್ತಿ, ಲಸಿಕೆ ಹಾಕಿಸಿ ತಂದ ಕೂಸಿನಂತೆ.
ಮೂರು ತಿಂಗಳು, ಸಂತೆಪೇಟೆಯ ಕನ್ನಡಕದಂಗಡಿಯ ಹಿತ್ತಲಲ್ಲಿ
ಡಾಂಬರು ಡ್ರಮ್ಮಿನ ಸುತ್ತ ಹೆಜ್ಜೆಹೆಜ್ಜೆಗೂ ತಿರುಗಿ
ಗಾಜಿನಿಂದ ಗಾಜು ಉಜ್ಜಿದ್ದಾಳೆ.
ಅವಳ ಅಬ್ಬಾ, ಬೈಫೋಕಲ್ ತಿದ್ದುತ್ತ, ಕೇಳಿದ್ದು ಒಂದೇ ಸಲ:
ಎಷ್ಟು ದೂರದ ನಂಬರಮ್ಮಾ ಇದು?

ನನ್ನ ಹೆಗಲಿಗೆ ಕೇಸಿಂಗ್ ಪೈಪು.
ನೆಲದೊಳಕ್ಕೆ ಇಳಿಯಬೇಕಾದದ್ದು, ಒಳಗೆ ಕಪ್ಪು ಬಳಿಸಿಕೊಂಡು
ಮೇಲೆ ನೋಡಲು ಹೊರಟಿದೆ.
ಪಾಲಯ್ಯ ಟಾರ್ಚು ಬಿಟ್ಟ.
"ಟೀಚರಮ್ಮ, ಇದೇನು, ಫಿರಂಗೀನಾ?
ಕೋಟೆ ಆ ಕಡೆ."

ಮೊಬೈಲಿನಲ್ಲಿ ತೋರಿಸಿದೆ: ಕಡಲ ನಡುವೆ
ಬೆಂಕಿ ಕಕ್ಕಿ ಕಕ್ಕಿ ತಾನೇ ಎದ್ದುನಿಂತ ಬೆಟ್ಟ,
ಸೊಂಟದವರೆಗೆ ಮೋಡ,
ನೆತ್ತಿಯಲ್ಲಿ ಬಿಳಿ ಗುಮ್ಮಟಗಳು,
ಕಾವಿಗೆ ಇಟ್ಟ ಮೊಟ್ಟೆಗಳ ಹಾಗೆ.
ಅಲ್ಲಿ ಗಾಳಿ ಅಲುಗುವುದಿಲ್ಲ, ಚುಕ್ಕಿ ಮಿನುಗುವುದಿಲ್ಲ,
ಅಳತೆಗೆ ನಿಂತ ಮಕ್ಕಳಂತೆ ಸುಮ್ಮನಿರುತ್ತವೆ, ಎಂದೆ.
ಮುಂದಿನ ಚಿತ್ರ: ರಸ್ತೆಗೆ ಅಡ್ಡ ಕೂತ ಅಜ್ಜಿಯರು,
ಇನ್ನೊಂದು ಗುಮ್ಮಟ ಬೇಡ, ಬೆಟ್ಟ ನಮ್ಮ ಹಿರೀಕ ಎಂದವರು.
ಅವನು ಆ ಚಿತ್ರವನ್ನೇ ಬಹಳ ಹೊತ್ತು ಹಿಡಿದುಕೊಂಡ.
"ಚಪ್ಲಿ ಬಿಟ್ಟು ಹೋದ್ರಾ, ಮೇಲಕ್ಕೋದೋರು?"
ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.
ಬೋರ್ಡಿನ ಕೆಳಗೆ ಮೂರು ಜೊತೆ ಚಪ್ಪಲಿ ಉಳಿದವು.

ಕಲ್ಲಿಗೆ ಕಬ್ಬಿಣದ ಕಾಲು ಊರಬಾರದು ಅಂದ,
ತನ್ನ ಕರಿಕಂಬಳಿ ನಾಕು ಮಡಿಕೆ ಮಾಡಿ ಹಾಸಿದ.
ದಿಂಬುಗಳ ಮೇಲೆ ಹಾಸಿಗೆ.
ಹೌದು, ದಿಂಬುಗಳೇ. ಇನ್ನೂರೈವತ್ತು ಕೋಟಿ ವರ್ಷದ ಹಿಂದೆ
ಇಲ್ಲೊಂದು ಕಡಲಿತ್ತು, ಅದರ ತಳ ಬಿರಿದು
ಲಾವಾ ಉಕ್ಕಿ, ನೀರು ತಾಗಿ, ಚುಂಯ್ ಎಂದು
ಉಬ್ಬಿ ಉಬ್ಬಿ ಹೆಪ್ಪುಗಟ್ಟಿ,
ಯಾರೂ ತಲೆಯಿಡದ ದಿಂಬಿನ ರಾಶಿ.
ತರಗತಿಯಲ್ಲಿ ಇದನ್ನು ಎರಡು ಅಂಕಕ್ಕೆ ಹೇಳಿಕೊಟ್ಟಿದ್ದೇನೆ.
ಬರಿಗಾಲಲ್ಲಿ ನಿಂತದ್ದು ಇದೇ ಮೊದಲು.
ಬೆಚ್ಚಗಿತ್ತು.

ಎಂಟೂ ಹತ್ತಕ್ಕೆ ಗುರು ಸಿಕ್ಕ.
ಪಾಲಯ್ಯ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿ ಬಗ್ಗಿದ.
"ನನ್ ಮಗಳ ಲಗ್ನ ಎರಡು ವರ್ಷ ತಡೆದೋನು ಇವನೇನಾ?
ಗುರುಬಲ ಇಲ್ಲ, ಗುರುಬಲ ಇಲ್ಲ ಅಂತ!
ನಾಕು ಮರಿ ಬಿಟ್ಕೊಂಡು
ಒಬ್ಬನೇ ಕಾಯ್ತಾ ಅದಾನೆ, ಪಾಪ."

ಆದರೆ ಗುರು ನಡುಗುತ್ತಿದ್ದ,
ಬಾವಿಯ ತಳದ ನಾಣ್ಯದ ಹಾಗೆ.
ಕಲ್ಲು ಹಗಲ ಬಿಸಿಲನ್ನು ಹನ್ನೊಂದರವರೆಗೂ ಉಸಿರಾಡುತ್ತದೆ.
ಹೈವೇಯಲ್ಲಿ ಲಾರಿ, ದೂರದ ಸಾಲಿನಲ್ಲಿ
ಗಾಳಿಯಂತ್ರಗಳ ಕೆಂಪು ದೀಪ ಹೊತ್ತಿ ಆರಿ, ಹೊತ್ತಿ ಆರಿ.
ನೂರ್‌ಜಬೀನ್ ಮುಖ ಸಣ್ಣದಾಯಿತು: "ನನ್ನ ಕನ್ನಡಿದೇ ತಪ್ಪು, ಮಿಸ್."
ಅಲ್ಲ ಕಣೇ, ಗಾಳಿಯದು.
ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಕೂತು ಮೇಲೆ ನೋಡುವವರು.
ಆ ದ್ವೀಪದ ಬೆಟ್ಟ ಮೂಗು ಹೊರಗಿಟ್ಟಿದೆ, ಅಷ್ಟೇ.

ಪಾಲಯ್ಯ ಬೀಡಿ ತೆಗೆದ, ಬೆಂಕಿ ಗೀರಲಿಲ್ಲ,
ನಮ್ಮ ಕಣ್ಣು ಕೆಡುತ್ತದೆಂದು.
ಕಾಲಡಿಯ ಕಲ್ಲನ್ನು ಹೆಬ್ಬೆರಳಿಂದ ಎರಡು ಸಲ ತಟ್ಟಿದ.
"ಹಂಗಾರೆ ಟೀಚರಮ್ಮ,
ಈ ಕಡಲು ಬತ್ತೇ ಇಲ್ಲ ಅನ್ನಿ."

ಹನ್ನೊಂದು ದಾಟಿದ ಮೇಲೆ ಗುರು ಒಂದು ಗಳಿಗೆ ನಿಂತ.
ಒಂದೇ ಗಳಿಗೆ. ಆಗ ಕಣ್ಣಿಟ್ಟಿದ್ದವಳು ನೂರ್‌ಜಬೀನ್.
ಏನು ಕಂಡಿತೆಂದು ಕೇಳಿದರೆ ಹೇಳಲಿಲ್ಲ,
ಕಂಬಳಿಯಲ್ಲಿ ಬಿದ್ದ ಮೂರು ಗುಳಿಗಳನ್ನು
ನೇವರಿಸಿ ನೇವರಿಸಿ ಸರಿಮಾಡಿದಳು.

ಮನೆ ಮುಟ್ಟಿ ದೀಪ ಹಾಕಿದಾಗ ಗೊತ್ತಾಯಿತು,
ಎಡಗಾಲಿಗೆ ನನ್ನದಲ್ಲ,
ಪಾಲಯ್ಯನ ಚಪ್ಪಲಿ.